ಸೂತ್ರ, ವೃತ್ತಿ, ಪ್ರಯೋಗ: ಹೊರನಾಡಿನ ಕನ್ನಡ ಪ್ರಬಂಧಗಳ ಬರವಣಿಗೆಯನ್ನು ಕುರಿತು

1

ಪದವಿಯ ಅಗತ್ಯವನ್ನು ಪೂರೈಸುವುದಕ್ಕಾಗಿ ಬರೆಯಲಾಗುವ ಪ್ರಬಂಧವನ್ನು ವಿಮರ್ಶೆಯ ವಸ್ತುವೆಂದು ಪರಿಗಣಿಸುವ ವಾಡಿಕೆ ಕನ್ನಡದಲ್ಲಿ ಬೆಳೆದಿಲ್ಲ. ಕಾವ್ಯ, ಕಾದಂಬರಿ, ನಾಟಕಗಳಿಗೆ ಸಲ್ಲುವ ಗುಣದೋಷ ವಿವೇಚನೆ ಅದಕ್ಕೆ ಸಲ್ಲುವುದಿಲ್ಲ. ಪರೀಕ್ಷಕರ ವರದಿ, ಒಂದು ಮೌಖಿಕ ಪರೀಕ್ಷೆ, ಗ್ರಂಥಾಲಯದ ಕಪಾಟಿನಲ್ಲಿ ಒಂದು ಸ್ಥಾನ, ಇಷ್ಟಕ್ಕೆ ಅದರ ಆಯುಷ್ಯ ಮುಗಿಯುತ್ತಿತ್ತು. ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಭಂಡಾರ ಬಂದ ಮೇಲೆ ಪಿಎಚ್.ಡಿ. ಮಹಾಪ್ರಬಂಧಗಳ ಮಟ್ಟಿಗಾದರೂ ಈ ಸ್ಥಿತಿ ಬದಲಾಗಿದೆ. ಒಂದು ವಿಭಾಗದ ಕಪಾಟಿನಲ್ಲಿ ಉಳಿಯುತ್ತಿದ್ದ ಬರಹ ಈಗ ದೂರದ ಓದುಗನ ಕೈಗೂ ಸಿಗುತ್ತದೆ. ಓದುಗರಿರುವ ಬರಹಕ್ಕೆ ವಿಮರ್ಶೆ ಬೇಕಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಪ್ರಸ್ತುತ ಲೇಖನದ ವಿಚಾರ ಸೀಮಿತವಾದುದು. ಹೊರನಾಡಿನಲ್ಲಿ, ವಿಶೇಷವಾಗಿ ಮುಂಬಯಿಯಂತಹ ಬಹುಭಾಷಾ ನಗರದಲ್ಲಿ, ಕನ್ನಡದಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳ ಬರವಣಿಗೆ ಸೊರಗಿದೆಯೆಂಬ ಮಾತು ವಿದ್ವದ್ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಅವರ ಕನ್ನಡ ಜ್ಞಾನ ಸಾಲದು ಎಂಬ ಕಾರಣವನ್ನೂ ಕೂಡಲೇ ಕೊಡಲಾಗುತ್ತದೆ. ಈ ನಿದಾನ ಸರಿಯಾದುದಲ್ಲವೆಂದು ನನ್ನ ಅಭಿಪ್ರಾಯ. ಕಾಗುಣಿತದ ತಪ್ಪನ್ನು ತಿದ್ದಬಹುದು. ವಾಕ್ಯದ ತೊಡಕನ್ನು ಬಿಡಿಸಬಹುದು. ಇವೆರಡನ್ನೂ ತಿದ್ದಿದ ಮೇಲೂ ಅನೇಕ ಪ್ರಬಂಧಗಳಲ್ಲಿ ಒಂದು ಕೊರತೆ ಹಾಗೆಯೇ ಉಳಿಯುತ್ತದೆ: ಬರೆದವರು ಏನನ್ನು ಸ್ಥಾಪಿಸಹೊರಟಿದ್ದಾರೆ, ಯಾವ ಆಧಾರದಿಂದ ಸ್ಥಾಪಿಸುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಪ್ರತಿಪಾದನೆಯನ್ನು ಬರೆಯುವ ಕ್ರಮವನ್ನು ಅವರಿಗೆ ಯಾವ ಹಂತದಲ್ಲಿಯೂ ಕಲಿಸಿಲ್ಲ. ಆ ಕ್ರಮವನ್ನು ಹೊರಗಿನಿಂದ ತರಬೇಕಾಗಿಯೂ ಇಲ್ಲ; ಕನ್ನಡದ ಶಾಸ್ತ್ರಪರಂಪರೆಯಲ್ಲಿ ಅದು ಏಳುನೂರು ವರ್ಷಗಳಿಗೂ ಹಿಂದೆ ಸ್ಪಷ್ಟವಾಗಿ ರೂಪುಗೊಂಡಿದೆ.

2

ವಿಷಯವನ್ನು ಒಂದು ನಿರ್ದಿಷ್ಟ ನೆಲೆಯಲ್ಲಿಟ್ಟು ನೋಡೋಣ. ಮುಂಬಯಿಯ ಹಾರ್ಬರ್ ರೈಲುಮಾರ್ಗದಲ್ಲಿ ವಡಾಲ ಎಂಬ ಬಡಾವಣೆಯಿದೆ. ಬಂದರಿನ ಕೆಲಸ, ಉಪ್ಪಿನ ಗದ್ದೆ, ಹೋಟೆಲು, ಕಚೇರಿಗಳ ಉದ್ಯೋಗವನ್ನು ಅರಸಿ ಬಂದ ನಾನಾ ಭಾಷೆಯ ಜನ ಈ ಭಾಗದಲ್ಲಿ ನೆಲೆಯೂರಿದರು. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇರುವುದು ಇಲ್ಲಿಯೇ. ಪಕ್ಕದ ಮಾಟುಂಗಾದಲ್ಲಿ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಲೀನಾದ ವಿದ್ಯಾನಗರಿಯಲ್ಲಿದೆ. ಒಂದು ನಗರದೊಳಗೆ ಶಾಲೆಯಿಂದ ಸಂಶೋಧನ ವಿಭಾಗದವರೆಗೆ ಕನ್ನಡದ ಇಂತಹ ಸಾಲು ಕರ್ನಾಟಕದ ಹೊರಗೆ ವಿರಳ.

ಆದರೆ ಈ ಸಾಲಿನಲ್ಲಿ ನಡುವಣ ಮೆಟ್ಟಿಲುಗಳು ಕಡಿಮೆ. ಇಂತಹ ಬಡಾವಣೆಯಲ್ಲಿ ಬೆಳೆದು ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ತುಳುವೋ ಕೊಂಕಣಿಯೋ ಉತ್ತರ ಕರ್ನಾಟಕದ ಕನ್ನಡವೋ ಇರುತ್ತದೆ. ಬೀದಿಯಲ್ಲಿ ಮರಾಠಿ ಮತ್ತು ಹಿಂದಿ. ಹತ್ತನೆಯ ತರಗತಿಯವರೆಗೆ ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಸಿದ್ಧಪಡಿಸಿದ ಕನ್ನಡ ಪಠ್ಯ. ಅಲ್ಲಿಂದ ಮುಂದೆ ವಾಣಿಜ್ಯವಾಗಲಿ ವಿಜ್ಞಾನವಾಗಲಿ, ಇಂಗ್ಲಿಷ್ ಮಾಧ್ಯಮ. ಪದವಿಯ ಅನಂತರ ಉದ್ಯೋಗ ಹಿಡಿದು, ಕೆಲವು ವರ್ಷಗಳು ಕಳೆದ ಮೇಲೆ ಭಾಷಾಪ್ರೀತಿಯಿಂದ ಕನ್ನಡ ಎಂ.ಎ. ತರಗತಿಗೆ ಬರುತ್ತಾಳೆ. ಆಕೆ ಕನ್ನಡದಲ್ಲಿ ದೀರ್ಘವಾಗಿ ಬರೆದದ್ದು ಹತ್ತನೆಯ ತರಗತಿಯ ನಿಬಂಧ. ಈಗ ಬರೆಯಬೇಕಾದದ್ದು ಅಧ್ಯಾಯಗಳುಳ್ಳ ಕಿರುಪ್ರಬಂಧ. ನಿಬಂಧದಲ್ಲಿ ಆಕೆ ಕಲಿತದ್ದು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ವಿಭಾಗವನ್ನು, ಸುಭಾಷಿತವೊಂದನ್ನು ಸೇರಿಸುವುದನ್ನು, ಮಹನೀಯರನ್ನು ಗೌರವದಿಂದ ಸ್ಮರಿಸುವುದನ್ನು. ಬೇರೆ ಮಾದರಿ ಕಣ್ಣಮುಂದೆ ಇಲ್ಲದಾಗ ಆ ನಿಬಂಧವೇ ಹಿಗ್ಗಿ ಪ್ರಬಂಧವಾಗುತ್ತದೆ. ಇದು ಆಕೆಯ ಅಶಕ್ತಿಯೆನ್ನುವುದು ಅನ್ಯಾಯ.

ನಿಯಮಗಳ ಬದಲಾವಣೆ ಈ ಸಮಸ್ಯೆಯನ್ನು ತೀವ್ರಗೊಳಿಸಿದೆ. ಮೊದಲು ಎಂ.ಎ. ಮತ್ತು ಪಿಎಚ್.ಡಿ.ಗಳ ನಡುವೆ ಎಂ.ಫಿಲ್. ಎಂಬ ಹಂತವಿತ್ತು. ಚಿಕ್ಕ ವಿಷಯವೊಂದನ್ನು ಹಿಡಿದು ಬರೆದು, ತಪ್ಪಿ, ತಿದ್ದಿಕೊಂಡು ಕಲಿಯಲು ಅದರಲ್ಲಿ ಅವಕಾಶವಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನವೆಂಬರ್ ತಿಂಗಳ ನಿಯಮಾವಳಿ ಆ ಪದವಿಯನ್ನು ಕೈಬಿಟ್ಟಿತು. 2016ರ ನಿಯಮಗಳಲ್ಲಿ ಮಹಾಪ್ರಬಂಧ ಸಲ್ಲಿಸುವ ಮುನ್ನ ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂಬ ಕಟ್ಟಳೆಯಿತ್ತು, ಅದೂ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಸ್ನಾತಕ ಪಠ್ಯಕ್ರಮದ ಚೌಕಟ್ಟು, ಮೊದಲ ಆರು ಸೆಮಿಸ್ಟರುಗಳಲ್ಲಿ 75 ಪ್ರತಿಶತ ಅಂಕ ಪಡೆದು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನು ಆರಿಸಿಕೊಳ್ಳುವವರಿಗೆ 12 ಕ್ರೆಡಿಟ್ಟುಗಳ ಪ್ರಬಂಧವನ್ನು ವಿಧಿಸಿತು. ಅಂದರೆ ಪ್ರಬಂಧ ಬರೆಯಬೇಕಾದವರ ವಯಸ್ಸು ಇಳಿಯಿತು. ಬರೆಯಲು ಕಲಿಯುವ ನಡುವಣ ಮನೆ ಮುಚ್ಚಿತು. ಈ ಸ್ಥಿತಿಯಲ್ಲಿ ಬರವಣಿಗೆಯ ಶಿಕ್ಷಣವನ್ನು ವಿಭಾಗಗಳೇ ಕೊಡದಿದ್ದರೆ ಪದವಿಯ ಅಗತ್ಯವೆಂಬುದು ಬರಿಯ ವಿಧಿಯಾಗಿ ಉಳಿಯುತ್ತದೆ.

3

ಪರೀಕ್ಷಕನಾಗಿ ಅನೇಕ ವರ್ಷಗಳ ಕಾಲ ಓದಿದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಎದುರಾಗುವ ದೋಷಗಳನ್ನು ಮೂರು ವರ್ಗಗಳಲ್ಲಿ ಇಡಬಹುದು. ಇವು ಕರ್ನಾಟಕದ ಒಳಗಿನ ಪ್ರಬಂಧಗಳಲ್ಲಿಯೂ ಉಂಟು. ಹೊರನಾಡಿನಲ್ಲಿ ಅವನ್ನು ತಿದ್ದುವ ಕಣ್ಣುಗಳು ಕಡಿಮೆಯಾದುದರಿಂದ ಹೆಚ್ಚು ಉಳಿದುಕೊಳ್ಳುತ್ತವೆ.

ಮೊದಲನೆಯದು ವಿಷಯದ ಮಿತಿಯಿಲ್ಲದಿರುವುದು. ‘ಮುಂಬಯಿ ಕನ್ನಡಿಗರ ಸಾಹಿತ್ಯಸೇವೆ: ಒಂದು ಅಧ್ಯಯನ’ ಎಂಬಂತಹ ಶೀರ್ಷಿಕೆಯಲ್ಲಿ ಕಾಲದ ಮಿತಿಯಿಲ್ಲ, ಪ್ರಕಾರದ ಮಿತಿಯಿಲ್ಲ, ಪ್ರಶ್ನೆಯೂ ಇಲ್ಲ. ಬರೆಯುವವರು ಎಲ್ಲರ ಹೆಸರನ್ನೂ ಹೇಳಬೇಕಾಗುತ್ತದೆ. ಯಾರ ಕೃತಿಯನ್ನೂ ಓದಲು ಎಡೆ ಸಿಗುವುದಿಲ್ಲ. ಇದಕ್ಕೆ ವಿರುದ್ಧವಾದ ಒಂದು ನಿದರ್ಶನ ನಮ್ಮ ಸಂಶೋಧನ ಚರಿತ್ರೆಯಲ್ಲಿಯೇ ಇದೆ. ಎ. ಎನ್. ನರಸಿಂಹಯ್ಯನವರು ಕನ್ನಡದ ಅತ್ಯಂತ ಪ್ರಾಚೀನ ಶಾಸನಗಳ ವ್ಯಾಕರಣವನ್ನು ಬರೆದಾಗ ಆರು ಮತ್ತು ಏಳನೆಯ ಶತಮಾನಗಳಿಗೆ ತಮ್ಮನ್ನು ಸೀಮಿತಗೊಳಿಸಿಕೊಂಡರು. ಆ ಗ್ರಂಥ 1941ರಲ್ಲಿ ಪ್ರಕಟವಾಯಿತು. ಜಿ. ಎಸ್. ಗಾಯಿಯವರು ಮುಂದಿನ ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳನ್ನು ಮಾತ್ರ ಆಧರಿಸಿ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು ರಚಿಸಿದರು. ಅದು ಪುಣೆಯ ಡೆಕ್ಕನ್ ಕಾಲೇಜಿನ ಪ್ರಬಂಧಮಾಲೆಯಲ್ಲಿ 1946ರಲ್ಲಿ ಹೊರಬಂತು. ಎರಡೂ ಇಂಗ್ಲಿಷಿನಲ್ಲಿವೆ, ಎರಡೂ ಭಾಷಾಶಾಸ್ತ್ರಕ್ಕೆ ಸೇರಿದವು. ಆದರೂ ಸಾಹಿತ್ಯದ ವಿದ್ಯಾರ್ಥಿ ಅವುಗಳಿಂದ ಕಲಿಯಬೇಕಾದುದಿದೆ. ಹಿಂದಿನವರು ನಿಲ್ಲಿಸಿದ ಗೆರೆ ಯಾವುದೆಂದು ತಿಳಿದು ಅಲ್ಲಿಂದ ಹೊರಟವರು ಗಾಯಿ. ‘ಪೂರ್ವ ಅಧ್ಯಯನಗಳ ಸಮೀಕ್ಷೆ’ ಎಂಬ ಅಧ್ಯಾಯದ ಪ್ರಯೋಜನ ಇಷ್ಟೇ. ಪುಸ್ತಕಗಳ ಪಟ್ಟಿ ಅದಕ್ಕೆ ಬದಲಿಯಾಗಲಾರದು.

ಎರಡನೆಯದು ಸ್ತುತಿ. ಲೇಖಕನೊಬ್ಬನನ್ನು ‘ಕನ್ನಡ ಸಾರಸ್ವತ ಲೋಕದ ಧ್ರುವತಾರೆ’ ಎಂದು ಕರೆದು, ‘ಮುಂಬಯಿಯ ಬದುಕನ್ನು ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ’ ಎಂದು ಮುಗಿಸುವ ವಾಕ್ಯ ಯಾವ ಲೇಖಕನಿಗೂ ಹೊಂದುತ್ತದೆ. ಆದುದರಿಂದ ಯಾರ ವಿಷಯದಲ್ಲಿಯೂ ಏನನ್ನೂ ಹೇಳುವುದಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ಕುರಿತು ಬರೆಯುವ ವಿದ್ಯಾರ್ಥಿ ಇದರ ಬದಲು ಹೀಗೆ ಬರೆಯಬಹುದು: ‘ಈ ಕಾದಂಬರಿಯಲ್ಲಿ ನಗರದ ಭಯ ರೂಪುಗೊಳ್ಳುವುದು ಮುಖ್ಯವಾಗಿ ನಾಗಪ್ಪನನ್ನು ಕೆಲಸದಿಂದ ಅಮಾನತಿನಲ್ಲಿಡುವ, ವಿಚಾರಣೆಗೆ ಗುರಿಮಾಡುವ ಕಚೇರಿಯ ವ್ಯವಹಾರಗಳ ಮೂಲಕ, ಬೀದಿಯ ಜನಸಂದಣಿಯ ಪಾತ್ರ ಅಷ್ಟಿಲ್ಲ.’ ಈ ಮಾತು ಸರಿಯಿರಬಹುದು, ತಪ್ಪಿರಬಹುದು. ಕಾದಂಬರಿಯ ಪುಟಗಳನ್ನು ತೆರೆದು ಅದನ್ನು ಒಪ್ಪಲೂ ಅಲ್ಲಗಳೆಯಲೂ ಸಾಧ್ಯವಿದೆ. ಅಲ್ಲಗಳೆಯಲು ಎಡೆಯಿರುವ ಮಾತೇ ಪ್ರತಿಪಾದನೆ. ವಿಶೇಷಣಗಳನ್ನು ಕಳೆದರೆ ಏನೂ ಉಳಿಯದ ವಾಕ್ಯವನ್ನು ಪ್ರಬಂಧದಲ್ಲಿ ಇಡಬಾರದು.

ಮೂರನೆಯದು ಅಂಕಿತವಿಲ್ಲದ ಉದ್ಧರಣೆ. ಬೇರೆಯವರ ಮಾತು ಬರೆಯುವವರ ಮಾತಿನೊಳಗೆ ಗೆರೆಯಿಲ್ಲದೆ ಬೆರೆತುಹೋಗಿರುತ್ತದೆ. ಇದನ್ನು ಕಳವೆಂದು ಕರೆಯುವ ಮೊದಲು ಅದರ ಹುಟ್ಟನ್ನು ನೋಡಬೇಕು. ಟಿಪ್ಪಣಿ ಮಾಡಿಕೊಳ್ಳುವಾಗ ಗ್ರಂಥದ ಮಾತು ಯಾವುದು, ತನ್ನ ಮಾತು ಯಾವುದು ಎಂದು ಬೇರೆಬೇರೆಯಾಗಿ ಗುರುತಿಸಿಕೊಳ್ಳದಿದ್ದರೆ ಎರಡು ವರ್ಷಗಳ ಮೇಲೆ ಬರೆದವರಿಗೇ ವ್ಯತ್ಯಾಸ ತಿಳಿಯುವುದಿಲ್ಲ. ಇದಕ್ಕೆ ಮದ್ದು ಟಿಪ್ಪಣಿಯ ಚೀಟಿಯಲ್ಲಿದೆ. ಸಲ್ಲಿಕೆಯ ಹಿಂದಿನ ರಾತ್ರಿಯ ತಿದ್ದುಪಡಿಯಲ್ಲಿಲ್ಲ.

4

ಈ ಮೂರು ದೋಷಗಳಿಗೂ ಪರಿಹಾರವಾಗಬಲ್ಲ ಕ್ರಮವನ್ನು ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಕಾಣಬಹುದು. ಹದಿಮೂರನೆಯ ಶತಮಾನದ ಈ ವ್ಯಾಕರಣವನ್ನು ನಾವು ಎಂ.ಎ. ತರಗತಿಗಳಲ್ಲಿ ಸಂಧಿ, ಸಮಾಸ, ವಿಭಕ್ತಿಗಳಿಗಾಗಿ ಓದಿಸುತ್ತೇವೆ. ಬರವಣಿಗೆಯ ಮಾದರಿಯಾಗಿ ಓದಿಸುವುದಿಲ್ಲ. ಅದರ ರಚನೆಯನ್ನು ಗಮನಿಸಿರಿ. ಮೊದಲು ಕಂದಪದ್ಯದ ರೂಪದಲ್ಲಿ ಸೂತ್ರ: ಹೇಳಬೇಕಾದ ನಿಯಮ ಅಡಕವಾಗಿ ಬರುತ್ತದೆ. ಅನಂತರ ವೃತ್ತಿ: ಸೂತ್ರದ ಮಾತುಗಳನ್ನು ಬಿಡಿಸಿ, ಅದರ ವ್ಯಾಪ್ತಿಯನ್ನು ತಿಳಿಸುತ್ತದೆ. ಕೊನೆಗೆ ಪ್ರಯೋಗ: ಭಾಷೆಯಲ್ಲಿ ಹಾಗೆ ಬಳಕೆಯಿದೆಯೆಂಬುದಕ್ಕೆ ಉದಾಹರಣೆ. ಸೂತ್ರವಿದ್ದು ಪ್ರಯೋಗವಿಲ್ಲದಿದ್ದರೆ ಅದು ಬರಿಯ ಅಭಿಪ್ರಾಯ. ಪ್ರಯೋಗಗಳಿದ್ದು ಸೂತ್ರವಿಲ್ಲದಿದ್ದರೆ ಅದು ಬರಿಯ ಸಂಗ್ರಹ. ಎರಡೂ ಇದ್ದು ವೃತ್ತಿಯಿಲ್ಲದಿದ್ದರೆ, ಈ ಉದಾಹರಣೆಯಿಂದ ಈ ನಿಯಮ ಹೇಗೆ ಸಿದ್ಧವಾಯಿತೆಂಬುದು ಓದುಗನಿಗೆ ತಿಳಿಯುವುದಿಲ್ಲ. ನಮ್ಮ ಪ್ರಬಂಧಗಳಲ್ಲಿ ಅತಿ ಹೆಚ್ಚಾಗಿ ಕಾಣೆಯಾಗಿರುವುದು ಈ ವೃತ್ತಿಯ ಭಾಗವೇ. ಒಂದು ಹೇಳಿಕೆ, ಅದರ ಕೆಳಗೆ ಹತ್ತು ಸಾಲಿನ ಉದ್ಧರಣೆ, ಕೂಡಲೇ ಮುಂದಿನ ಹೇಳಿಕೆ. ಉದ್ಧರಿಸಿದ ಸಾಲುಗಳಲ್ಲಿ ಯಾವ ಪದ, ಯಾವ ರೂಪ, ಯಾವ ಮೌನ ತನ್ನ ಹೇಳಿಕೆಯನ್ನು ಸಮರ್ಥಿಸುತ್ತದೆಂದು ಬರೆಯುವವರು ಹೇಳುವುದಿಲ್ಲ, ಓದುಗನೇ ಊಹಿಸಿಕೊಳ್ಳಬೇಕು.

ಕೇಶಿರಾಜನ ಮಾದರಿಗೂ ಒಂದು ಮಿತಿಯಿದೆ. ಗ್ರಂಥಾರಂಭದಲ್ಲಿ ಆತ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ ಮೊದಲಾದವರನ್ನು ತನ್ನ ಲಕ್ಷ್ಯಕ್ಕೆ ಆಧಾರವೆಂದು ಹೆಸರಿಸುತ್ತಾನೆ. ಆದರೆ ಒಂದೊಂದು ಪ್ರಯೋಗವೂ ಯಾರ ಯಾವ ಕಾವ್ಯದ್ದೆಂದು ಸಾಮಾನ್ಯವಾಗಿ ತಿಳಿಸುವುದಿಲ್ಲ. ಆತನ ತಂದೆ ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವವೂ ಪೂರ್ವಕವಿಗಳ ಪದ್ಯಗಳನ್ನು ವಿಷಯಾನುಸಾರ ಸಂಕಲಿಸಿತೇ ಹೊರತು ಪದ್ಯಪದ್ಯಕ್ಕೂ ಕರ್ತೃವಿನ ಹೆಸರನ್ನು ಕೊಡಲಿಲ್ಲ. ಆ ಕಾಲದ ವಿದ್ವಾಂಸನಿಗೆ ಆ ಕಾವ್ಯಗಳು ಕಂಠಸ್ಥವಾಗಿದ್ದಿರಬೇಕು. ಹೆಸರು ಹೇಳುವ ಅಗತ್ಯ ತೋರಿರಲಾರದು. ಓದುವವರ ಮತ್ತು ಬರೆಯುವವರ ನೆನಪು ಒಂದೇ ಆಗಿದ್ದಾಗ ಆಕರಸೂಚನೆ ಅನಾವಶ್ಯಕ. ಆ ಸಮಾನ ನೆನಪು ಚದುರಿದ ಮೇಲೆ ಆದ ನಷ್ಟ ಎಷ್ಟೆಂಬುದು ಪ್ರಾಚೀನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತು. ಗಜಗ, ಗುಣನಂದಿಗಳ ಕಾವ್ಯಗಳು ಇಂದು ಇಡಿಯಾಗಿ ನಮ್ಮ ಮುಂದಿಲ್ಲ. ಶಬ್ದಮಣಿದರ್ಪಣದಲ್ಲಿ ಅವರ ಸಾಲು ಯಾವುದಾದರೂ ಉಳಿದಿದ್ದರೂ ಇದು ಅವರದೇ ಎಂದು ಗುರುತಿಸುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ಅಡಿಟಿಪ್ಪಣಿಯನ್ನು ಯಾಕೆ ಬರೆಯಬೇಕೆಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಹೊರನಾಡಿನ ಬರಹಗಾರನಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಯಾಕೆಂದರೆ ಆತನ ಓದುಗರು ಒಂದೇ ನೆನಪಿನವರಲ್ಲ.

ಆಕರಸೂಚನೆಯ ವಿಷಯದಲ್ಲಿ ವಚನ ಸಾಹಿತ್ಯ ಬೇರೊಂದು ದಾರಿಯನ್ನು ತೋರಿಸಿತು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆಯನ್ನು ಸಂಕಲಿಸಿದಾಗ ಬೇರೆಬೇರೆ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದನು. ಜೋಡಣೆ ಆತನದು, ನಡುವಣ ಗದ್ಯವೂ ಆತನದು. ಆದರೆ ಅಲ್ಲಮನ ವಚನದಲ್ಲಿ ಗುಹೇಶ್ವರನೂ ಬಸವಣ್ಣನ ವಚನದಲ್ಲಿ ಕೂಡಲಸಂಗಮದೇವನೂ ಹಾಗೆಯೇ ಉಳಿದರು. ಅಂಕಿತ ಅಳಿಯದೆ ಉಳಿದುದರಿಂದ ಇದು ಯಾರ ಮಾತೆಂಬ ಪ್ರಶ್ನೆಯನ್ನು ಓದುಗ ಇಂದಿಗೂ ಕೇಳಬಲ್ಲ. ಪ್ರಕ್ಷಿಪ್ತವೆಂಬ ಸಂಶಯ ಬಂದರೆ ಪರೀಕ್ಷಿಸಲೂಬಲ್ಲ. ಇನ್ನೊಬ್ಬರ ಮಾತಿನಿಂದ ಒಂದು ದೊಡ್ಡ ಕೃತಿಯನ್ನು ಕಟ್ಟುವುದು ತಪ್ಪಲ್ಲವೆಂಬುದಕ್ಕೆ ಶೂನ್ಯಸಂಪಾದನೆಯೇ ಸಾಕ್ಷಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಕೃತಿಚೌರ್ಯ ನಿಯಮಗಳು ಇದೇ ವಿಷಯವನ್ನು ಪ್ರತಿಶತದ ಲೆಕ್ಕದಲ್ಲಿ ಹೇಳುತ್ತವೆ. 10 ಪ್ರತಿಶತದವರೆಗಿನ ಸಾಮ್ಯಕ್ಕೆ ದಂಡವಿಲ್ಲ. 10ರಿಂದ 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರವನ್ನು ಸೂಚಿಸಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಸೇರುವುದಿಲ್ಲ. ನಿಯಮ ಬೇಕಾದುದೇ. ಆದರೆ ಯಂತ್ರ ಎಣಿಸುವುದು ಪದಗಳ ಸಾಮ್ಯವನ್ನು. ಒಬ್ಬ ವಿದ್ವಾಂಸನ ಇಡೀ ತರ್ಕವನ್ನು ಎತ್ತಿಕೊಂಡು ಪದಗಳನ್ನಷ್ಟೇ ಬದಲಿಸಿದವನು ಈ ಎಣಿಕೆಯಿಂದ ಪಾರಾಗಬಲ್ಲನು. ಈಗ ಪದಗಳನ್ನು ಬದಲಿಸಿಕೊಡುವ, ಕೇಳಿದ ವಿಷಯದ ಮೇಲೆ ಪುಟಗಟ್ಟಲೆ ಬರೆದುಕೊಡುವ ಯಂತ್ರಗಳೂ ಬಂದಿರುವುದರಿಂದ ಪ್ರತಿಶತವೊಂದನ್ನೇ ನಂಬುವುದು ಇನ್ನಷ್ಟು ಅಪಾಯಕರ. ಬರೆದವರನ್ನು ಕೂರಿಸಿ, ಈ ಪ್ರಯೋಗದಿಂದ ಈ ಸೂತ್ರ ಹೇಗೆ ಸಿದ್ಧಿಸಿತು ಎಂದು ಕೇಳುವ ಗುರುವೇ ಅದಕ್ಕೆ ಬೇಕು.

5

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೊರನಾಡಿನಲ್ಲಿ ಕನ್ನಡ ಓದಲು ಬರುವವರೇ ಕೆಲವರು. ಅವರ ಮೇಲೆ ಇಷ್ಟು ಕಟ್ಟುನಿಟ್ಟು ಹೇರಿದರೆ ವಿಭಾಗಗಳೇ ಬರಿದಾಗುವುದಿಲ್ಲವೇ? ಈ ಆತಂಕ ನಿಜವಾದುದು, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದೇ ಆತಂಕದಿಂದ ಹುಟ್ಟಿದ ಒಂದು ಅಭ್ಯಾಸ ಪರೀಕ್ಷಕ ವರ್ಗದಲ್ಲಿ ಬೇರೂರಿದೆ. ‘ಹೊರನಾಡಿನಲ್ಲಿದ್ದು ಇಷ್ಟಾದರೂ ಬರೆದಿದ್ದಾರಲ್ಲ’ ಎಂಬ ಅನುಕಂಪದಿಂದ ಪ್ರಬಂಧಗಳನ್ನು ಅಂಗೀಕರಿಸುವ ಅಭ್ಯಾಸವದು. ಅದರ ಹಿಂದಿರುವ ಪ್ರೀತಿಯಲ್ಲಿ ಕಪಟವಿಲ್ಲ. ಅದರ ಫಲ ಮಾತ್ರ ವಿದ್ಯಾರ್ಥಿಗೆ ಹಿತವಲ್ಲ. ಪದವಿ ಕೈಸೇರಿದ ಮೇಲೆ ಆಕೆ ಅಧ್ಯಾಪಕ ಹುದ್ದೆಗೋ ಸಂಶೋಧನ ವೇತನಕ್ಕೋ ಅರ್ಜಿ ಹಾಕಿದಾಗ ಆ ಪ್ರಬಂಧವನ್ನು ಅನುಕಂಪವಿಲ್ಲದವರು ಓದುತ್ತಾರೆ. ಕನ್ನಡದ ಹೊರಗಿನ ವಿದ್ವಾಂಸರು, ಆ ಭಾಷೆಯಲ್ಲಿ ನಡೆಯುವ ಸಂಶೋಧನೆ ಇಷ್ಟೇ ಎಂದು ತೀರ್ಮಾನಿಸುತ್ತಾರೆ. ಹೊರನಾಡಿನ ಕನ್ನಡ ಪೀಠ, ವಿಭಾಗಗಳ ಮಾನ ನಿಂತಿರುವುದು ಇಂತಹ ಓದುಗರ ಮುಂದೆಯೇ.

ಕಟ್ಟುನಿಟ್ಟಿಗೆ ಮೊದಲು ಕಲಿಸುವಿಕೆ ಬರಬೇಕು. ಅದಕ್ಕೆ ದೊಡ್ಡ ಯೋಜನೆಯಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಮೊದಲ ಸೆಮಿಸ್ಟರಿನಿಂದಲೇ ವಾರಕ್ಕೊಂದು ಪುಟ ಬರೆಸಬಹುದು: ಒಂದು ವಚನ, ಒಂದು ಶಾಸನದ ಕೆಲವು ಸಾಲು, ಅಥವಾ ಕಥೆಯೊಂದರ ಒಂದು ಪರಿಚ್ಛೇದ, ಅದರ ಮೇಲೆ ಒಂದೇ ಸೂತ್ರ, ಅದಕ್ಕೆ ವೃತ್ತಿ, ಅದಕ್ಕೆ ಪ್ರಯೋಗ. ಬರೆದುದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬಹುದು. ಕಣ್ಣಿಗೆ ತಪ್ಪಿದ ತೊಡಕು ಕಿವಿಗೆ ಸಿಕ್ಕುತ್ತದೆ. ಟಿಪ್ಪಣಿಯ ಚೀಟಿಯಲ್ಲಿ ಗ್ರಂಥದ ಮಾತನ್ನು ಒಂದು ಬದಿಗೆ, ತನ್ನ ಮಾತನ್ನು ಇನ್ನೊಂದು ಬದಿಗೆ ಬರೆಯುವ ಅಭ್ಯಾಸ ಮಾಡಿಸಬಹುದು. ಎರಡು ವರ್ಷ ಹೀಗೆ ನಡೆದರೆ ಅರುವತ್ತು ಪುಟಗಳ ಕಿರುಪ್ರಬಂಧ ಹೊಸ ಭಯವಾಗಿ ಎದುರಾಗುವುದಿಲ್ಲ.

ಆಕರಗಳನ್ನು ಹುಡುಕುವ ವಿದ್ಯೆಯನ್ನೂ ಇದರೊಡನೆ ಕಲಿಸಬೇಕು. ಈ ವಿಷಯದಲ್ಲಿ ಮುಂಬಯಿಗೆ ತನ್ನದೇ ಆದ ಪರಂಪರೆಯಿದೆ. ವೃತ್ತಿಯಿಂದ ಗ್ರಂಥಪಾಲರಾಗಿದ್ದ ಶ್ರೀನಿವಾಸ ಹಾವನೂರರು ಮುಂದೆ ಅಲ್ಲಿಯ ಕನ್ನಡ ವಿಭಾಗದ ಮುಖ್ಯಸ್ಥರಾದರು. 1974ರಲ್ಲಿ ಪ್ರಕಟವಾದ ಅವರ ‘ಹೊಸಗನ್ನಡದ ಅರುಣೋದಯ’ ಹತ್ತೊಂಬತ್ತನೆಯ ಶತಮಾನದ ಕನ್ನಡ ಬರಹವನ್ನು ಕುರಿತದ್ದು. ಮರೆತುಹೋಗಿದ್ದ ಮುದ್ರಿತ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಎಡೆಬಿಡದೆ ಹುಡುಕಿದ್ದರಿಂದ ಆ ಗ್ರಂಥಕ್ಕೆ ಬಲ ಬಂದಿದೆ. ಹೊಗಳಿಕೆಯ ಮಾತುಗಳನ್ನು ಅದರಿಂದ ತೆಗೆದುಹಾಕಿದರೂ ಗ್ರಂಥ ಕುಗ್ಗುವುದಿಲ್ಲ.

ಹೊರನಾಡಿನ ವಿದ್ಯಾರ್ಥಿಗೆ ಕೊರತೆಗಳಷ್ಟೇ ಅಲ್ಲದೆ ಅನುಕೂಲಗಳೂ ಇವೆಯೆಂಬುದನ್ನು ಇಲ್ಲಿ ಹೇಳಬೇಕು. ವಡಾಲದಲ್ಲಿ ಪ್ರಸಿದ್ಧವಾದ ವಿಠ್ಠಲ ಮಂದಿರವಿದೆ; ಆಷಾಢ ಏಕಾದಶಿಯಂದು ಅಲ್ಲಿ ದರ್ಶನಕ್ಕೆ ಜನ ಸಾಲುಗಟ್ಟುತ್ತಾರೆ. ವಿಠ್ಠಲನನ್ನು ಕನ್ನಡದವನೆಂದು ಕರೆಯುವ ಪರಂಪರೆ ಮರಾಠಿ ಸಂತರಲ್ಲಿದೆ. ಪುರಂದರದಾಸರೂ ಸೇರಿದಂತೆ ಅನೇಕ ಹರಿದಾಸರ ಅಂಕಿತದಲ್ಲಿ ವಿಠ್ಠಲನ ಹೆಸರಿದೆ. ರಾ. ಚಿಂ. ಢೇರೆಯವರು ಮರಾಠಿಯಲ್ಲಿ ಬರೆದ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ (1984) ಈ ದೈವದ ಚರಿತ್ರೆಯನ್ನು ಕನ್ನಡ ನೆಲದ ಸಂಬಂಧವನ್ನೂ ಒಳಗೊಂಡು ಚರ್ಚಿಸುತ್ತದೆ. ಧಾರವಾಡದ ಅಥವಾ ಮೈಸೂರಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ಗ್ರಂಥವನ್ನು ಅನುವಾದದ ಮೂಲಕವೇ ತಲುಪಬೇಕು. ವಡಾಲದ ವಿದ್ಯಾರ್ಥಿನಿ ಅದನ್ನು ನೇರವಾಗಿ ಓದಬಲ್ಲಳು, ಹರಿದಾಸರ ಕೀರ್ತನೆಗಳನ್ನೂ ನೇರವಾಗಿ ಓದಬಲ್ಲಳು. ‘ದಾಸಸಾಹಿತ್ಯ: ಒಂದು ಅಧ್ಯಯನ’ ಎಂಬ ದಡವಿಲ್ಲದ ವಿಷಯವನ್ನು ಬಿಟ್ಟು, ಪುರಂದರದಾಸರ ಆಯ್ದ ಇಪ್ಪತ್ತೈದು ಕೀರ್ತನೆಗಳಲ್ಲಿ ವಿಠ್ಠಲನಿಗೆ ಬರುವ ಸಂಬೋಧನೆಗಳನ್ನು ತುಕಾರಾಮನ ಅಷ್ಟೇ ಅಭಂಗಗಳೊಡನೆ ಹೋಲಿಸುವ ಕೆಲಸವನ್ನು ಆಕೆಗೆ ಕೊಟ್ಟರೆ, ಭಾರವೆನಿಸಿದ್ದ ಬಹುಭಾಷಾ ಪರಿಸರವೇ ಆಕೆಯ ಆಕರವಾಗುತ್ತದೆ. ಅಂತಹ ಪ್ರಬಂಧವನ್ನು ಕರ್ನಾಟಕದ ವಿದ್ವಾಂಸರೂ ತಮ್ಮ ಪ್ರಯೋಜನಕ್ಕಾಗಿ ಓದುವರು; ಮಹಾರಾಷ್ಟ್ರದ ವಿದ್ವಾಂಸರೂ ಕೇಳಿ ಪಡೆಯುವರು.

ಪದವಿಯ ಅಗತ್ಯಕ್ಕಾಗಿ ಬರೆದ ಪ್ರಬಂಧದಲ್ಲಿ ಪಾಂಡಿತ್ಯದ ಪೂರ್ಣತೆಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಒಂದು ಮಾತನ್ನು ಹೇಳಿ, ಅದನ್ನು ಬಿಡಿಸಿ, ಅದಕ್ಕೆ ಆಧಾರ ತೋರಿಸಿ, ಆಧಾರ ಯಾರದೆಂದು ಹೆಸರಿಸುವಷ್ಟು ಶಿಸ್ತನ್ನು ನಿರೀಕ್ಷಿಸಬಹುದು. ಇಷ್ಟನ್ನು ಕಲಿಸಿ ಅನಂತರ ಕೇಳುವುದು ನ್ಯಾಯ. ಕಲಿಸದೆ ಕೇಳುವುದಾಗಲಿ, ಕಲಿಸದ ಕಾರಣಕ್ಕೆ ಕೇಳದೆ ಬಿಡುವುದಾಗಲಿ ವಿದ್ಯಾರ್ಥಿಗೂ ಭಾಷೆಗೂ ನ್ಯಾಯವಾಗಲಾರದು.